ಒಂದು ಒಲೆ, ಎರಡು ಬಟ್ಟಲು: ಯಾವ ಸೂಪಿಗೆ ಯಾವ ಸಿಹಿ?

ಸಂಜೆ ಆರೂವರೆಗೆ ಕೆಲಸದಿಂದ ಬಂದು ಅಡುಗೆಮನೆ ಹೊಕ್ಕರೆ ಎರಡು ಬೇಡಿಕೆಗಳು ಕಾದಿರುತ್ತವೆ. ಅತ್ತೆಗೆ ಹಲ್ಲಿನ ತೊಂದರೆ. ರಾತ್ರಿ ಹೊತ್ತು ಗಟ್ಟಿ ಪದಾರ್ಥ ಬೇಡ, ಬಿಸಿಯಾಗಿ ಕುಡಿಯುವಂಥದ್ದು ಏನಾದರೂ ಸಾಕು ಅನ್ನುತ್ತಾರೆ. ಮಗಳಿಗೆ ಊಟದ ಕೊನೆಗೆ ಸಣ್ಣ ಬಟ್ಟಲಲ್ಲಾದರೂ ಸಿಹಿ ಇರಲೇಬೇಕು. ಸೂಪ್ ಯಾವುದು, ಸಿಹಿ ಯಾವುದು ಎಂದು ಬೇರೆ ಬೇರೆಯಾಗಿ ಯೋಚಿಸುತ್ತಿದ್ದಾಗ ಎಂಟೂವರೆಯಾದರೂ ಒಲೆ ಆರಿಸಲು ಆಗುತ್ತಿರಲಿಲ್ಲ. ಎರಡನ್ನೂ ಜೋಡಿಯಾಗಿ ಆರಿಸಿಕೊಳ್ಳಲು ಶುರು ಮಾಡಿದ ಮೇಲೆ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತಿದೆ.

ಈ ಉಪಾಯ ನಮ್ಮ ಅಡುಗೆಯಲ್ಲಿ ಹಿಂದಿನಿಂದಲೂ ಇದೆ. ಯುಗಾದಿಗೆ ಒಬ್ಬಟ್ಟು ಮಾಡುವಾಗ ಬೆಂದ ಬೇಳೆಯನ್ನು ಬಸಿಯುತ್ತೇವೆ. ಬೇಳೆ ಹೂರಣಕ್ಕೆ, ಕಟ್ಟು ಸಾರಿಗೆ. ಹಳೇ ಮೈಸೂರು ಕಡೆ ಅದು ಒಬ್ಬಟ್ಟಿನ ಸಾರು, ಧಾರವಾಡದ ಕಡೆ ಕಟ್ಟಿನ ಸಾರು. ಸೋದೆಯ ವಾದಿರಾಜರ ಹೆಸರಿನ ಜೊತೆ ಬೆಸೆದುಕೊಂಡಿರುವ ಹಯಗ್ರೀವವೂ ಹಾಗೆಯೇ: ಕಡಲೆಬೇಳೆ ಬೇಯಿಸಿ ಬಸಿದರೆ ಬೇಳೆ ಬೆಲ್ಲ, ಕಾಯಿತುರಿ, ಗಸಗಸೆ, ತುಪ್ಪದ ಜೊತೆ ಸೇರುತ್ತದೆ, ಕಟ್ಟು ಆ ದಿನದ ಸಾರಾಗುತ್ತದೆ. ಹಬ್ಬದ ಈ ಲೆಕ್ಕವನ್ನು ವಾರದ ದಿನಕ್ಕೆ ತಂದರೆ ಯಾವ ಸೂಪ್ ಅನುಕೂಲ, ಯಾವುದು ಅಲ್ಲ ಎಂದು ಇಲ್ಲಿ ಹೋಲಿಸಿದ್ದೇನೆ. ಅಳತೆಗಳೆಲ್ಲ ನಾಲ್ಕು ಜನಕ್ಕೆ. ಕಪ್ ಎಂದರೆ 200 ಮಿ.ಲೀ. ಹಿಡಿಯುವ ಲೋಟ.

ಹೆಸರುಬೇಳೆಯೋ, ಹುರುಳಿಯೋ?

ಬೇಳೆಕಾಳಿನ ಸೂಪಿನಲ್ಲಿ ನಿಜವಾದ ಪೈಪೋಟಿ ಇರುವುದು ಇವೆರಡರ ನಡುವೆ. ಎರಡಕ್ಕೂ ಅಭಿಮಾನಿಗಳಿದ್ದಾರೆ, ನನಗೂ ಎರಡೂ ಇಷ್ಟ. ಆದರೆ ವಾರದ ದಿನ ನಾನು ಕಣ್ಣುಮುಚ್ಚಿ ಹೆಸರುಬೇಳೆ ಡಬ್ಬಕ್ಕೇ ಕೈ ಹಾಕುತ್ತೇನೆ. ನೆನೆಸುವ ಕೆಲಸವಿಲ್ಲ, ಬೇಗ ಬೇಯುತ್ತದೆ, ಜ್ವರ ಬಿಟ್ಟವರಿಂದ ಹಿಡಿದು ಮಕ್ಕಳವರೆಗೆ ಎಲ್ಲರ ಹೊಟ್ಟೆಗೂ ಒಗ್ಗುತ್ತದೆ.

ಮುಕ್ಕಾಲು ಕಪ್ ಹೆಸರುಬೇಳೆಯನ್ನು ಒಣ ಬಾಣಲೆಯಲ್ಲಿ ಘಮ ಬರುವವರೆಗೆ ಹುರಿದು, ತೊಳೆದು, ಐದು ಕಪ್ ನೀರಿನಲ್ಲಿ ತೆರೆದ ಪಾತ್ರೆಯಲ್ಲೇ ಬೇಯಿಸಿ. ಕುಕ್ಕರಿಗೆ ಇಟ್ಟರೆ ಬೇಳೆ ಕರಗಿ ನೀರಿನ ಜೊತೆ ಒಂದಾಗಿಬಿಡುತ್ತದೆ, ಬಸಿಯಲು ಏನೂ ಉಳಿಯುವುದಿಲ್ಲ. ತೆರೆದ ಪಾತ್ರೆಯಲ್ಲಿ 20ರಿಂದ 25 ನಿಮಿಷ ಹಿಡಿಯುತ್ತದೆ. ಬೆರಳಲ್ಲಿ ಒತ್ತಿದರೆ ಬೇಳೆ ಹಿಸುಕಬೇಕು, ನೋಡಲು ಮಾತ್ರ ಇನ್ನೂ ಇಡಿಯಾಗಿರಬೇಕು. ಅಲ್ಲಿಯವರೆಗೆ ಉಪ್ಪು, ಅರಿಶಿನ ಎರಡನ್ನೂ ಹಾಕಬೇಡಿ. ಅಭ್ಯಾಸಬಲದಿಂದ ಕೈ ಅರಿಶಿನದ ಡಬ್ಬಕ್ಕೆ ಹೋಗುತ್ತದೆ. ಒಂದು ಚಿಟಿಕೆ ಬಿದ್ದರೂ ಪಾಯಸದ ರುಚಿ ಕೆಡುತ್ತದೆ.

ಬೆಂದ ಮೇಲೆ ಮೂರು ಕಪ್ಪಿನಷ್ಟು ಕಟ್ಟನ್ನು ಇನ್ನೊಂದು ಪಾತ್ರೆಗೆ ಬಸಿದುಕೊಳ್ಳಿ. ಎರಡು ಸೌಟು ಬೇಳೆಯನ್ನೂ ಅದಕ್ಕೇ ಹಾಕಿ ಕಡಗೋಲಿನಿಂದ ಮಸೆಯಿರಿ. ಈಗ ಅರಿಶಿನ, ಉಪ್ಪು, ತುರಿದ ಶುಂಠಿ, ಕುಟ್ಟಿದ ಮೆಣಸು-ಜೀರಿಗೆ ಹಾಕಿ ಒಂದು ಕುದಿ ಬರಿಸಿ, ತುಪ್ಪದಲ್ಲಿ ಇಂಗು-ಕರಿಬೇವಿನ ಒಗ್ಗರಣೆ ಕೊಟ್ಟು, ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಪಕ್ಕದ ಒಲೆಯಲ್ಲಿ ಉಳಿದ ಬೇಳೆಗೆ ಅರ್ಧದಿಂದ ಮುಕ್ಕಾಲು ಕಪ್ ಬೆಲ್ಲ ಕರಗಿಸಿ ಸೋಸಿದ ನೀರು ಹಾಕಿ ಐದು ನಿಮಿಷ ಕುದಿಸಿ, ಕೊನೆಗೆ ಒಂದು ಕಪ್ ಕಾಯಿಹಾಲು, ಏಲಕ್ಕಿ ಸೇರಿಸಿದರೆ ಪಾಯಸ. ಬೇಳೆ ಬೇಯುವುದೂ ಸೇರಿ ಒಟ್ಟು 40 ನಿಮಿಷ.

ಹುರುಳಿಯ ರುಚಿಯೇ ಬೇರೆ. ಆ ಮಣ್ಣಿನ ವಾಸನೆ, ಕಂದು ಬಣ್ಣದ ಗಾಢ ಕಟ್ಟು ಹೆಸರುಬೇಳೆಯಿಂದ ಬರುವುದಿಲ್ಲ. ಹಾಸನ, ತುಮಕೂರು ಕಡೆ ಹುರುಳಿ ಬಸ್ಸಾರಿಗೂ ಮುದ್ದೆಗೂ ಇರುವ ನಂಟು ಗೊತ್ತೇ ಇದೆ. ಕರಾವಳಿಯಲ್ಲಿ ಮಳೆ ಹಿಡಿದರೆ ಕುಡು ಸಾರು ಬೇಕೇ ಬೇಕು. ಆದರೆ ಇದಕ್ಕೆ ಹಿಂದಿನ ರಾತ್ರಿಯೇ ನೆನಪಿಟ್ಟುಕೊಂಡು ಎಂಟು ಗಂಟೆಯಾದರೂ ನೆನೆಸಬೇಕು, ಕುಕ್ಕರನ್ನು ಆರೇಳು ಸಲ ಕೂಗಿಸಬೇಕು. ಮರೆತ ದಿನ ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ ಬೇಯಿಸಲು ನೋಡಿದ್ದೇನೆ. ಕಾಳು ಬೇಯುತ್ತದೆ, ಕಟ್ಟು ಮಾತ್ರ ತೆಳ್ಳಗೆ ನೀರು ನೀರಾಗಿ ಬರುತ್ತದೆ. ಬೆಂದ ಹುರುಳಿಯಿಂದ ಪಲ್ಯವೋ ಉಸಲಿಯೋ ಆಗುತ್ತದೆಯೇ ಹೊರತು ನಮ್ಮ ಮನೆಯಲ್ಲಿ ಸಿಹಿ ಆಗುವುದಿಲ್ಲ. ಹಾಗಾಗಿ ಜೋಡಿಯ ಲೆಕ್ಕದಲ್ಲಿ ಹುರುಳಿ ಹಿಂದೆ ಬೀಳುತ್ತದೆ. ಹಿರಿಯರು ಅದನ್ನು ಉಷ್ಣ ಎಂದು ಹೇಳುವುದರಿಂದ ನಾನು ಅದರ ಜೊತೆಗೆ ಒಲೆಯೇ ಬೇಡದ ಬಾಳೆಹಣ್ಣಿನ ರಸಾಯನ ಇಡುತ್ತೇನೆ. ಶನಿವಾರ ರಾತ್ರಿ ನೆನೆಹಾಕಿ, ಭಾನುವಾರ ಮಳೆ ಸುರಿಯುವಾಗ ಕುಡಿಯಲು ಇದಕ್ಕಿಂತ ಒಳ್ಳೆಯದಿಲ್ಲ.

ಒಂದು ವಿಷಯ ಸ್ಪಷ್ಟವಾಗಿ ಹೇಳಬೇಕು. 100 ಗ್ರಾಂ ಒಣ ಹೆಸರುಬೇಳೆಯಲ್ಲಿ ಸುಮಾರು 24 ಗ್ರಾಂ, ಹುರುಳಿಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಕಟ್ಟು ಕುಡಿದರೆ ಅದೆಲ್ಲ ಸಿಕ್ಕಿತು ಎಂದು ತಿಳಿಯಬಾರದು, ಬಹುಪಾಲು ಕಾಳಿನಲ್ಲೇ ಉಳಿದಿರುತ್ತದೆ. ಮೇಲೆ ಎರಡು ಸೌಟು ಬೇಳೆ ಮಸೆದು ಹಾಕಿ ಎಂದದ್ದು ಅದಕ್ಕೇ. ಹುರುಳಿಯಲ್ಲೂ ಒಂದು ಹಿಡಿ ಬೆಂದ ಕಾಳನ್ನು ರುಬ್ಬಿ ಕಟ್ಟಿಗೆ ಸೇರಿಸಿ. ಹಲ್ಲಿಲ್ಲದವರಿಗೆ ಕಾಳಿನ ಸತ್ವ ತಲುಪಿಸಲು ಇದೇ ಸುಲಭದ ದಾರಿ.

ರಾಗಿ: ಹೊತ್ತು ಕಡಿಮೆ ಇದ್ದಾಗ

ಎಂಟು ಗಂಟೆಗೆ ಮನೆ ತಲುಪುವ ದಿನಗಳೂ ಇರುತ್ತವೆ. ಆಗ ಬೇಳೆ ಬೇಯುವವರೆಗೆ ಕಾಯಲು ಆಗುವುದಿಲ್ಲ. ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ಅರ್ಧ ಕಪ್ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿಕೊಳ್ಳಿ. ಸಣ್ಣಗೆ ಹೆಚ್ಚಿದ ಕ್ಯಾರೆಟ್, ಬೀನ್ಸ್, ಬೆಳ್ಳುಳ್ಳಿಯನ್ನು ಒಂದು ಚಮಚ ಎಣ್ಣೆಯಲ್ಲಿ ಬಾಡಿಸಿ, ನಾಲ್ಕು ಕಪ್ ನೀರು ಹಾಕಿ ಕುದಿಸಿ. ತರಕಾರಿ ಮೆತ್ತಗಾದ ಮೇಲೆ ಉರಿ ತಗ್ಗಿಸಿ, ಕದಡಿದ ಹಿಟ್ಟನ್ನು ಒಂದೇ ಕೈಯಲ್ಲಿ ತಿರುಗಿಸುತ್ತಾ ಸುರಿಯಿರಿ. ಹಸಿ ವಾಸನೆ ಹೋಗಲು ಐದಾರು ನಿಮಿಷ ಬೇಕು. ಹಿಟ್ಟನ್ನು ನೇರವಾಗಿ ಬಿಸಿನೀರಿಗೆ ಸುರಿದರೆ ಹೊರಗಿನ ಪದರ ತಕ್ಷಣ ಬೆಂದು ಒಳಗಿನ ಹಿಟ್ಟು ಒಣಗಿಯೇ ಉಳಿಯುತ್ತದೆ. ಆ ಗಂಟುಗಳನ್ನು ಆಮೇಲೆ ಯಾವ ಸೌಟೂ ಬಿಡಿಸಲಾರದು.

ರಾಗಿಯಲ್ಲಿ ಕ್ಯಾಲ್ಸಿಯಂ ಇದೆ ಎಂದು ಎಲ್ಲರೂ ಹೇಳುತ್ತಾರೆ, ನಿಜವೇ. 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿ.ಗ್ರಾಂ. ಆದರೆ ನಾಲ್ಕು ಜನರ ಸೂಪಿಗೆ ನಾವು ಹಾಕಿದ್ದು 20 ಗ್ರಾಂ ಹಿಟ್ಟು. ಅದರಲ್ಲಿರುವುದು ಸುಮಾರು 70 ಮಿ.ಗ್ರಾಂ, ಅದೂ ನಾಲ್ಕು ಪಾಲಾಗಬೇಕು. ಒಂದು ಲೋಟ ಹಸುವಿನ ಹಾಲಿನಲ್ಲೇ 240 ಮಿ.ಗ್ರಾಂ ಆಸುಪಾಸು ಇರುತ್ತದೆ. ಮೂಳೆ ಗಟ್ಟಿಯಾಗಲಿ ಎಂದು ರಾಗಿ ಆರಿಸಿಕೊಳ್ಳುವುದಾದರೆ ಮುದ್ದೆ ಉಣ್ಣಬೇಕು. ಸೂಪಿನಲ್ಲಿ ರಾಗಿ ಇರುವುದು ಹೊಟ್ಟೆ ತುಂಬಿಸಲು, ಕಾರ್ನ್‌ಫ್ಲೋರ್ ಇಲ್ಲದೆ ಮಂದ ಬರಿಸಲು. ಅಷ್ಟಕ್ಕೇ ನಾನು ಅದನ್ನು ಮೆಚ್ಚುತ್ತೇನೆ.

ಇದರ ಜೋಡಿ ಸಿಹಿಯೂ ರಾಗಿಯದೇ. ನಾಲ್ಕು ದೊಡ್ಡ ಚಮಚ ಹಿಟ್ಟು, ಎರಡು ಕಪ್ ಕಾಯಿಹಾಲು, ಅರ್ಧ ಕಪ್ ಬೆಲ್ಲದ ನೀರು, ಚಿಟಿಕೆ ಉಪ್ಪು ಎಲ್ಲವನ್ನೂ ತಣ್ಣಗಿರುವಾಗಲೇ ಕದಡಿ ಒಲೆಗಿಟ್ಟು 12ರಿಂದ 15 ನಿಮಿಷ ತಿರುಗಿಸಿದರೆ ರಾಗಿ ಮಣ್ಣಿ. ತುಪ್ಪ ಸವರಿದ ತಟ್ಟೆಗೆ ಸುರಿದು ಆರಲು ಬಿಟ್ಟು ಊಟಕ್ಕೆ ಕೂತರೆ, ಊಟ ಮುಗಿಯುವಷ್ಟರಲ್ಲಿ ಮೆತ್ತಗೆ ಹೆಪ್ಪುಗಟ್ಟಿರುತ್ತದೆ. ರಾಗಿ ನೆನೆಸಿ, ರುಬ್ಬಿ, ಹಾಲು ಹಿಂಡಿ ಮಾಡುವ ಹಾಲುಬಾಯಿಯ ನುಣುಪು ಇದಕ್ಕಿಲ್ಲ, ಒಪ್ಪುತ್ತೇನೆ. ಆದರೆ ಹಾಲುಬಾಯಿಗೆ ರಜಾದಿನವೇ ಬೇಕು.

ಟೊಮೆಟೊ, ಸಿಹಿಗುಂಬಳ, ಸೊಪ್ಪು

ಮಕ್ಕಳಿಗೆ ಸೂಪ್ ಎಂದರೆ ಟೊಮೆಟೊ ಸೂಪೇ. ದರ್ಶಿನಿಗಳಲ್ಲಿ ಹುರಿದ ಬ್ರೆಡ್ ತುಂಡು ತೇಲಿಸಿ ಕೊಡುವ ಕೆಂಪು ಸೂಪಿನ ರುಚಿ ನಾಲಿಗೆಗೆ ಹತ್ತಿಬಿಟ್ಟಿರುತ್ತದೆ. ಮನೆಯಲ್ಲಿ ಆರು ನಾಟಿ ಟೊಮೆಟೊ, ಒಂದು ಕ್ಯಾರೆಟ್, ಒಂದು ಹಿಡಿ ಹೆಸರುಬೇಳೆ, ಒಂದು ಈರುಳ್ಳಿಯನ್ನು ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ, ರುಬ್ಬಿ, ಸೋಸಿದರೆ ಸಾಕು. ಬೇಳೆ ಮಂದ ಕೊಡುತ್ತದೆ, ಕ್ಯಾರೆಟ್ ಹುಳಿಯನ್ನು ತಗ್ಗಿಸುತ್ತದೆ, ಸಕ್ಕರೆ ಬೇಕಾಗುವುದಿಲ್ಲ. ಒಂದು ಚಮಚ ಬೆಣ್ಣೆ ಹಾಕಲು ಹಿಂಜರಿಯಬೇಡಿ: ಟೊಮೆಟೊದ ಕೆಂಪಿಗೆ ಕಾರಣವಾದ ಲೈಕೋಪೀನ್ ಬೇಯಿಸಿದಾಗ, ಕೊಬ್ಬಿನ ಜೊತೆ ತಿಂದಾಗಲೇ ದೇಹಕ್ಕೆ ಹೆಚ್ಚು ದಕ್ಕುತ್ತದೆ. ಇದರ ಜೋಡಿಗೆ ಶಾವಿಗೆ ಪಾಯಸ ಸರಿ. ಕುಕ್ಕರ್ ಇಳಿದು ತಣಿಯುವ ಹೊತ್ತಿಗೆ ಅದು ಸಿದ್ಧವಾಗಿರುತ್ತದೆ.

ನನ್ನ ಮೆಚ್ಚಿನದು ಸಿಹಿಗುಂಬಳ. ಅಗ್ಗ, ಹೋಳು ಮಾಡಿಸಿಕೊಂಡು ಎಷ್ಟು ಬೇಕೋ ಅಷ್ಟೇ ತರಬಹುದು, ಹೆಸರುಬೇಳೆಯ ಹಾಗೆ ಒಂದೇ ಪಾತ್ರೆಯಿಂದ ಎರಡು ಬಟ್ಟಲು ತುಂಬುವ ಗುಣ ಇದಕ್ಕೂ ಇದೆ. ಚೆನ್ನಾಗಿ ಬಲಿತ, ಒಳಗೆ ಕೇಸರಿ ಬಣ್ಣ ತಿರುಗಿದ ಕಾಯಿ ಅರ್ಧ ಕೆ.ಜಿ. ತಂದು, ಸಿಪ್ಪೆ ತೆಗೆದು, ಹೋಳು ಮುಳುಗುವುದಕ್ಕಿಂತ ಕಡಿಮೆ ನೀರಿನಲ್ಲಿ ಮುಚ್ಚಿ ಬೇಯಿಸಿದರೆ ಹತ್ತು ಹನ್ನೆರಡು ನಿಮಿಷಕ್ಕೆ ಬೆಣ್ಣೆಯಂತಾಗುತ್ತದೆ. ಅಷ್ಟರಲ್ಲಿ ಒಂದು ಕಪ್ ಕಾಯಿತುರಿ ರುಬ್ಬಿ ಮೊದಲ ಹಾಲು, ಎರಡನೇ ಹಾಲು ಬೇರೆ ಬೇರೆ ಹಿಂಡಿಕೊಳ್ಳಿ. ಮಸೆದ ಕುಂಬಳದಲ್ಲಿ ಅರ್ಧ ಪಾಲಿಗೆ ತೆಳ್ಳಗಿನ ಎರಡನೇ ಹಾಲು, ಶುಂಠಿ, ಮೆಣಸಿನಪುಡಿ, ಉಪ್ಪು ಹಾಕಿ ಕುದಿಸಿದರೆ ಸೂಪ್. ಇಲ್ಲಿ ಮೆಣಸು ಎಂದರೆ ಕಾಳುಮೆಣಸು. ಒಣಮೆಣಸಿನಕಾಯಿ ಖಾರ ಇದಕ್ಕೆ ಹೊಂದುವುದಿಲ್ಲ. ಉಳಿದ ಅರ್ಧವನ್ನು ತುಪ್ಪದಲ್ಲಿ ಮೂರು ನಿಮಿಷ ಬಾಡಿಸಿ, ಬೆಲ್ಲದ ನೀರು ಹಾಕಿ, ಒಲೆ ಆರಿಸಿದ ಮೇಲೆ ಗಟ್ಟಿ ಮೊದಲ ಹಾಲು ಬೆರೆಸಿದರೆ ಪಾಯಸ. ಮೊದಲ ಹಾಲನ್ನು ಕುದಿಸಿದರೆ ಎಣ್ಣೆ ಬಿಟ್ಟುಕೊಳ್ಳುತ್ತದೆ, ಅದೊಂದು ಎಚ್ಚರಿಕೆ ಸಾಕು. ಕುಂಬಳ ತಿನ್ನದ ನನ್ನ ಮಗಳು ಇದನ್ನು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಾಳೆ.

ನುಗ್ಗೆಸೊಪ್ಪಿನ ಸೂಪ್ ಆರೋಗ್ಯಕ್ಕೆ ಒಳ್ಳೆಯದು. ಆದರೆ ಸೊಪ್ಪು ಬಿಡಿಸುವುದಕ್ಕೇ ಇಪ್ಪತ್ತು ನಿಮಿಷ ಹೋಗುತ್ತದೆ. ಮನೆಯಲ್ಲಿ ಬಿಡಿಸಿ ಕೊಡುವವರು ಇದ್ದರೆ ಹೆಸರುಬೇಳೆ ಕಟ್ಟಿಗೇ ಒಂದು ಹಿಡಿ ಹಾಕಿ ಕುದಿಸಿ, ಪ್ರತ್ಯೇಕ ಸೂಪ್ ಮಾಡುವ ಅಗತ್ಯವಿಲ್ಲ.

ಬೇಸಿಗೆಯಲ್ಲಿ ಬಿಸಿ ಸೂಪ್ ಯಾರಿಗೂ ಸೇರುವುದಿಲ್ಲ. ಆಗ ಮಲೆನಾಡಿನ ತಂಬುಳಿ. ಒಂದೆಲಗವನ್ನೋ, ತುಪ್ಪದಲ್ಲಿ ಬಾಡಿಸಿದ ದೊಡ್ಡಪತ್ರೆಯನ್ನೋ ಕಾಯಿತುರಿ, ಜೀರಿಗೆ, ಕಾಳುಮೆಣಸಿನ ಜೊತೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಬೆರೆಸಿದರೆ ಆಯಿತು. ಅನ್ನಕ್ಕೂ ಕಲಸಬಹುದು, ಲೋಟದಲ್ಲೂ ಕುಡಿಯಬಹುದು. ಮಜ್ಜಿಗೆ ಕುಡಿದ ಮೇಲೆ ಹಾಲಿನ ಪಾಯಸ ಬೇಡ ಎಂಬುದು ನಮ್ಮ ಅತ್ತೆಯ ಕಟ್ಟುನಿಟ್ಟು, ಹಾಗಾಗಿ ಆ ದಿನ ಬಿಸಿ ಬಿಸಿ ಕೇಸರಿಬಾತ್. ತಣ್ಣಗಿನ ತಂಬುಳಿಯ ನಂತರ ತುಪ್ಪದ ಘಮದ ರವೆ ಬಹಳ ಹೊಂದುತ್ತದೆ.

ಪೊಟ್ಟಣದ ಸೂಪ್ ಬಗ್ಗೆ ಒಂದು ಮಾತು. ಐದು ನಿಮಿಷದಲ್ಲಿ ಆಗುತ್ತದೆ ಎಂಬುದು ಸರಿ, ಆದರೆ ಕೊಳ್ಳುವ ಮೊದಲು ಹಿಂಬದಿಯ ಪಟ್ಟಿ ಓದಿ. ಪದಾರ್ಥಗಳನ್ನು ತೂಕದ ಪ್ರಕಾರ ಹೆಚ್ಚಿನದರಿಂದ ಕಡಿಮೆಗೆ ಬರೆದಿರುತ್ತಾರೆ. ತರಕಾರಿಗಿಂತ ಮೊದಲು ಪಿಷ್ಟ, ಸಕ್ಕರೆ, ಉಪ್ಪು ಬಂದಿದ್ದರೆ ನೀವು ಕುಡಿಯುತ್ತಿರುವುದು ಯಾವುದನ್ನು ಎಂದು ಗೊತ್ತಾಗುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿ.ಪಿ. ಇರುವವರ ಮನೆಯಲ್ಲಿ ಈ ಆಯ್ಕೆಯನ್ನು ನಾನು ಪರಿಗಣಿಸುವುದೇ ಇಲ್ಲ.

ಸಿಹಿಗೆ ಹಾಲೋ, ಕಾಯಿಹಾಲೋ, ಒಲೆಯೇ ಬೇಡವೋ?

ಮೇಲೆ ಬಹಳಷ್ಟು ಕಡೆ ಕಾಯಿಹಾಲನ್ನೇ ಹೇಳಿದ್ದೇನೆ. ಬೆಲ್ಲದ ಪಾಯಸಕ್ಕೆ ಅದೇ ಸುರಕ್ಷಿತ. ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ, ಕುದಿಯುವ ಹಾಲಿಗೆ ಬಿದ್ದರೆ ಹಾಲು ಒಡೆಯುತ್ತದೆ. ನೆಂಟರು ಬಂದ ಒಂದು ದಿನ ಒಂದು ಲೀಟರ್ ಹಾಲಿನ ಪಾಯಸ ನನ್ನ ಕಣ್ಣೆದುರೇ ಹೀಗೆ ಒಡೆದುಹೋಯಿತು. ಹಾಲೇ ಬೇಕೆಂದರೆ ಪಾಯಸವನ್ನು ಒಲೆಯಿಂದ ಇಳಿಸಿ, ಕೈ ತಾಗಿಸಬಹುದಾದಷ್ಟು ಆರಿದ ಮೇಲೆ, ಕಾಯಿಸಿ ಆರಿಸಿದ ಹಾಲು ಬೆರೆಸಿ, ಮತ್ತೆ ಕುದಿಸಬೇಡಿ. ಸಕ್ಕರೆಯ ಪಾಯಸಕ್ಕೆ ಈ ಭಯವಿಲ್ಲ. ಶಾವಿಗೆ, ಸಬ್ಬಕ್ಕಿಗೆ ಹಾಲು-ಸಕ್ಕರೆ, ಬೇಳೆ, ರಾಗಿ, ಕುಂಬಳಕ್ಕೆ ಕಾಯಿಹಾಲು-ಬೆಲ್ಲ ಎಂದು ಹಿರಿಯರು ಮಾಡಿಕೊಂಡ ಹಂಚಿಕೆಯಲ್ಲಿ ರುಚಿಯ ಜೊತೆ ಈ ತಿಳಿವಳಿಕೆಯೂ ಇದೆ ಎನಿಸುತ್ತದೆ.

ಶಾವಿಗೆಗೂ ಸಬ್ಬಕ್ಕಿಗೂ ನಡುವೆ ಆರಿಸುವುದಾದರೆ ಸಮಯ ನೋಡಿ. ತುಪ್ಪದಲ್ಲಿ ಹುರಿದ ಶಾವಿಗೆ ಹಾಲಿನಲ್ಲಿ ಏಳೆಂಟು ನಿಮಿಷಕ್ಕೆ ಬೇಯುತ್ತದೆ. ಸಬ್ಬಕ್ಕಿ ಅರ್ಧ ಗಂಟೆಯಾದರೂ ನೆನೆಯಬೇಕು, ಮೊದಲು ನೀರಿನಲ್ಲಿ ಕನ್ನಡಿಯಂತೆ ಆಗುವವರೆಗೆ ಬೇಯಬೇಕು, ಆಮೇಲೆ ಹಾಲು. ಮೊದಲೇ ಹಾಲಿಗೆ ಹಾಕಿದರೆ ನಡುವೆ ಬಿಳಿ ಚುಕ್ಕೆ ಉಳಿದು ತಳ ಹಿಡಿಯುತ್ತದೆ. ಮರಗೆಣಸಿನ ಪಿಷ್ಟದಿಂದ ಮಾಡಿದ್ದಾದ್ದರಿಂದ ಅದರಲ್ಲಿ ಪಿಷ್ಟ ಬಿಟ್ಟರೆ ಹೆಚ್ಚೇನೂ ಇಲ್ಲ; ಬೇಳೆ ಸೂಪಿನ ಜೊತೆಗಾದರೆ ತೂಕ ಸರಿಹೋಗುತ್ತದೆ.

ಒಲೆ ಬೇಡದ ಸಿಹಿಯಲ್ಲಿ ರಸಾಯನಕ್ಕೆ ಸಾಟಿ ಇಲ್ಲ. ನಾಲ್ಕು ಏಲಕ್ಕಿ ಬಾಳೆಹಣ್ಣು ಬಿಲ್ಲೆ ಹೆಚ್ಚಿ, ಎರಡು ಚಮಚ ಪುಡಿಬೆಲ್ಲ, ಅರ್ಧ ಕಪ್ ಕಾಯಿತುರಿ ಅಥವಾ ಕಾಯಿಹಾಲು, ಸ್ವಲ್ಪ ಏಲಕ್ಕಿಪುಡಿ. ಐದು ನಿಮಿಷದ ಕೆಲಸ. ಬೇಸಿಗೆಯಲ್ಲಿ ಮಾವಿನಹಣ್ಣು, ಕರಬೂಜದಲ್ಲೂ ಹೀಗೆಯೇ. ಕೆಲವರು ಬೆಲ್ಲದ ಬದಲು ಜೇನು ಹಾಕುತ್ತಾರೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಮುಟ್ಟಿಸಲೇಬೇಡಿ. ಕಸ್ಟರ್ಡ್ ಪುಡಿ ಹಾಕಿದ ಫ್ರೂಟ್ ಸಲಾಡ್ ಮಕ್ಕಳಿಗೆ ಇಷ್ಟ, ಆದರೆ ಕಾಯಿಸಿ, ಆರಿಸಿ, ಫ್ರಿಜ್ಜಿನಲ್ಲಿ ತಣಿಸುವಷ್ಟರಲ್ಲಿ ಮಲಗುವ ಹೊತ್ತಾಗುತ್ತದೆ. ಅದನ್ನು ಬೆಳಿಗ್ಗೆಯೇ ಮಾಡಿಟ್ಟರೆ ಮಾತ್ರ ಸಂಜೆಗೆ ಲಾಭ. ಹಣ್ಣನ್ನು ಬಡಿಸುವ ಮುಂಚೆ ಹೆಚ್ಚಿ ಹಾಕಿ, ಮೊದಲೇ ಹಾಕಿದರೆ ಬಾಳೆಹಣ್ಣು ಕಪ್ಪಾಗುತ್ತದೆ.

ಸಕ್ಕರೆ ಕಾಯಿಲೆ ಇರುವವರು ಬೆಲ್ಲದ ಪಾಯಸ ತಿನ್ನಬಹುದು ಎಂಬ ಮಾತನ್ನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ, ರಕ್ತದಲ್ಲಿ ಅದು ಏರಿಸುವುದೂ ಸಕ್ಕರೆಯನ್ನೇ. ಅಂಥವರಿಗೆ ಕಾಳು ಮಸೆದ ಸೂಪಿನ ಬಟ್ಟಲು ದೊಡ್ಡದಿರಲಿ, ಸಿಹಿಯ ಜಾಗದಲ್ಲಿ ನಾಲ್ಕು ಹೋಳು ಸೀಬೆಹಣ್ಣು ಇಡಿ. ನಮ್ಮ ಮಾವನವರ ತಟ್ಟೆಯಲ್ಲಿ ಇರುವುದು ಅದೇ. ಅವರಿಗೆ ಮಾತ್ರ ಏನೂ ಇಲ್ಲ ಎಂದು ಅನಿಸಬಾರದೆಂದು ಆ ಹೋಳುಗಳ ಮೇಲೆ ಉಪ್ಪು-ಖಾರ ಉದುರಿಸುವ ಬದಲು ಒಂದಿಷ್ಟು ಹುರಿದ ಜೀರಿಗೆಪುಡಿ, ನಿಂಬೆರಸ ಹಾಕಿ ಕೊಡುತ್ತೇನೆ.

ಉಳಿದರೆ

ಹೆಸರುಬೇಳೆ ಪಾಯಸ ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆಗೆ ಗಟ್ಟಿಯಾಗಿರುತ್ತದೆ. ಸ್ವಲ್ಪ ಬಿಸಿನೀರು ಬೆರೆಸಿ ಸಣ್ಣ ಉರಿಯಲ್ಲಿ ಸಡಿಲ ಮಾಡಿದರೆ ಮೊದಲಿನಂತಾಗುತ್ತದೆ. ಶಾವಿಗೆ ಪಾಯಸಕ್ಕೆ ಬಿಸಿ ಹಾಲು ಬೇಕು. ರಸಾಯನ ಉಳಿಸಬೇಡಿ. ಕುಂಬಳದ ಸೂಪಿನಲ್ಲಿ ಕಾಯಿಹಾಲು ಇರುವುದರಿಂದ ಹೊರಗಿಟ್ಟರೆ ಬೇಗ ಹಳಸುತ್ತದೆ, ಆರಿದ ಕೂಡಲೇ ಒಳಗಿಡಿ. ಬೇಳೆ ಕಟ್ಟಿನ ಸೂಪ್ ಮಾತ್ರ ಉಳಿದರೆ ನನಗೆ ಖುಷಿ: ಮರುದಿನ ಬೆಳಿಗ್ಗೆ ಅದರಲ್ಲೇ ಚಪಾತಿ ಹಿಟ್ಟು ಕಲಸುತ್ತೇನೆ. ಮೆಣಸು, ಶುಂಠಿ, ತುಪ್ಪ ಎಲ್ಲ ಅದರಲ್ಲೇ ಇರುತ್ತದೆ. ಚಪಾತಿ ಮಧ್ಯಾಹ್ನ ಡಬ್ಬಿ ತೆರೆಯುವವರೆಗೂ ಮೆತ್ತಗಿರುತ್ತದೆ.